ಹಾಯಿಹಡಗಿನ ಸೇನಾಪತಿ

ಬಡಗಿ ಪುರಂದರ ಬಂಗೇರರು ಎರಡು ವರ್ಷ ಕೂತು ತೇಗದ ಚೂರುಗಳಿಂದ ಮೊಳದುದ್ದದ ಯುದ್ಧದ ಹಾಯಿಹಡಗೊಂದನ್ನು ಮಾಡಿದರು. ಅದರ ಪುಟ್ಟ ಲಾಂದ್ರಗಳು ಬ್ಯಾಟರಿಯಿಂದ ನಿಜವಾಗಿಯೂ ಉರಿಯುತ್ತಿದ್ದವು. ದೀಪ ಹತ್ತಿದ ಮೊದಲ ಸಂಜೆಯೇ ಗೋಡೆಯಿಂದ ಹಲ್ಲಿಯೊಂದು ಇಳಿದು ಬಂದು, "ಮಹಾಪ್ರಭು, ತಮ್ಮ ಸೇವೆಗೆ ಬಂದಿದ್ದೇನೆ" ಎಂದು ತಲೆಬಾಗಿತು. ಹಡಗು ಉಬ್ಬಿಹೋಗಿ ಅದನ್ನು ಸೇನಾಪತಿ ಮಾಡಿತು. ದೀಪಕ್ಕೆ ಮುತ್ತುವ ಹುಳುಗಳನ್ನು ಹಲ್ಲಿ ದಿನವೂ ನುಂಗುತ್ತಿತ್ತು. ಹಡಗು ಅದನ್ನೇ ತನ್ನ ವಿಜಯವೆಂದು ಬೀಗುತ್ತಿತ್ತು.

ಒಂದು ಸಂಜೆ ಬ್ಯಾಟರಿ ಮುಗಿದು ಲಾಂದ್ರಗಳು ಆರಿದವು. ಹಲ್ಲಿ ಪಡಸಾಲೆಯ ಟ್ಯೂಬ್‌ಲೈಟಿನತ್ತ ಹೊರಟಿತು.

"ಸೇನಾಪತಿ, ನನ್ನನ್ನು ಬಿಟ್ಟು ಎಲ್ಲಿಗೆ?" ಎಂದು ಹಡಗು ಗಾಬರಿಯಿಂದ ಕೇಳಿತು.

"ಶತ್ರುಗಳೆಲ್ಲ ಅಲ್ಲಿಗೆ ಓಡಿದ್ದಾರೆ, ಮಹಾಪ್ರಭು. ಯುದ್ಧವೂ ಇನ್ನು ಅಲ್ಲಿಯೇ."

ಹಡಗಿಗೆ ಹೋದ ಜೀವ ಬಂದಂತಾಯಿತು. "ಹಾಗೋ! ಗೆದ್ದು ಬಾ. ಅಲ್ಲಿಯವರೆಗೆ ಈ ಕತ್ತಲನ್ನು ನಾನೇ ಕಾಯುತ್ತೇನೆ."