ನಲವತ್ತು ಸೋರೆಬುರುಡೆ

"ಗುರುಗಳೇ, ಪಾಠಗಳನ್ನೆಲ್ಲ ಚಿತ್ರೀಕರಿಸಿ ವಿದ್ಯಾರ್ಥಿಗಳ ಮೊಬೈಲಿಗೇ ಮುಟ್ಟಿಸಿದೆ. ಆದರೂ ಈ ವರ್ಷ ನೂರಾ ಎಂಬತ್ತು ಮಂದಿ ನಪಾಸಾದರು. ಎಲ್ಲವನ್ನೂ ಅಳಿಸಿಹಾಕಲೇ?"

ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವ ನಾಗಲಿಂಗ ಕೂತಲ್ಲಿ ಕೂರಲಾರದೆ ಕೇಳಿದ. ಮಧ್ಯಾಹ್ನ ಕುಲಪತಿಗಳ ಮುಂದೆ ಉತ್ತರ ಹೇಳಬೇಕಿತ್ತು. ಉತ್ತರ ಸರಿಬರದಿದ್ದರೆ ಆ ತರಗತಿಯೇ ಅವನ ಕೈತಪ್ಪುತ್ತಿತ್ತು.

"ಚಾಪೆಯಲ್ಲಿ ಮುಳ್ಳಿದೆಯೇನಪ್ಪಾ? ಒಂದು ಗಳಿಗೆ ಕೂರು" ಎಂದು ಗುರುಗಳು ಕತೆ ಹೇಳಿದರು.

ಒಂದೂರಿನ ಬಾವಿಯಲ್ಲಿ ಒಬ್ಬ ಈಜು ಕಲಿಸುತ್ತಿದ್ದ. ಕಲಿಯುವವರ ಹೊಟ್ಟೆಯ ಕೆಳಗೆ ಅಂಗೈ ಒಡ್ಡಿ ತಾನೂ ನೀರಿನಲ್ಲೇ ಇರುತ್ತಿದ್ದ. ಅಂಗೈ ಮೇಲಿನ ಭಾರ ಇಳಿದಷ್ಟೂ ಕೈ ಸಡಿಲಿಸುತ್ತಿದ್ದ. ಹೀಗೆ ವರ್ಷಕ್ಕೆ ಹತ್ತು ಜನ ಕಲಿತರೆ ಅದೇ ಹೆಚ್ಚು. ಒಮ್ಮೆ ಯಾರೋ ಒಣಗಿದ ಸೋರೆಬುರುಡೆ ತಂದುಕೊಟ್ಟರು. ಬೆನ್ನಿಗೆ ಕಟ್ಟಿದರೆ ಎಂಥವರೂ ತೇಲುತ್ತಿದ್ದರು. ಸರಿ, ಇನ್ನೇನು ಬೇಕು! ನಲವತ್ತು ಬುರುಡೆ ತರಿಸಿ ನಲವತ್ತು ಮಂದಿಯನ್ನು ಒಟ್ಟಿಗೇ ಇಳಿಸಿದ. ತಾನು ಕಟ್ಟೆಯ ಮೇಲೆ ಎಲೆಅಡಿಕೆ ಮೆಲ್ಲುತ್ತ ಕೂತ. ಊರಿಗೆ ಊರೇ ಭಲೇ ಅಂದಿತು.

ಬುರುಡೆ ಬಿಚ್ಚುವ ದಿನ ಬಂತು. ಬಾವಿಗೆ ಕಾಯಿ ಒಡೆದು, ಬರಿಮೈಯಲ್ಲಿ ಧುಮುಕಿ ಮೇಲೆ ಬಂದವರೇ ಕಲಿತವರು ಎಂಬುದು ಅಲ್ಲಿಯ ಪದ್ಧತಿ. ಅವನು ನಲವತ್ತನ್ನೂ ಒಂದೇ ಸಲ ಬಿಚ್ಚಿಸಿದ. ಮೊದಲು ಧುಮುಕಿದ ಹುಡುಗಿ ಮೇಲೆ ಬರಲೇ ಇಲ್ಲ. ಅವನ ಜೀವ ಬಾಯಿಗೆ ಬಂತು. ಉಟ್ಟ ಬಟ್ಟೆಯಲ್ಲೇ ಹಾರಿ, ಜಡೆ ಹಿಡಿದು ಎಳೆದು ತಂದ. ಪುಣ್ಯಕ್ಕೆ ಉಸಿರಿತ್ತು. ಅವಳು ನೀರು ಕಕ್ಕಿ, ಅಳುತ್ತ ಕೇಳಿದಳು:

"ನನಗೆ ಕಾಲು ಬಡಿಯಲು ಬರುವುದಿಲ್ಲವೆಂದು ನಿಮಗೆ ಗೊತ್ತಿರಲಿಲ್ಲವೇ ಮೇಷ್ಟ್ರೇ?"

ಅವನಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಿ, ಬುರುಡೆಗಳನ್ನೆಲ್ಲ ಕಲ್ಲಿಗೆ ಅಪ್ಪಳಿಸಿ ಒಡೆದುಹಾಕಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ನಾಗಲಿಂಗ ತಟ್ಟನೆ ಎದ್ದ. ಉತ್ತರ ಸಿಕ್ಕಿತೆಂದು ಅವನಿಗೆ ಹೋದ ಜೀವ ಬಂದಂತಾಗಿತ್ತು.

"ತಿಳಿಯಿತು ಗುರುಗಳೇ. ತಪ್ಪು ಬುರುಡೆಯದೇ. ಹೋದವನೇ ಎಲ್ಲ ಅಳಿಸಿಬಿಡುತ್ತೇನೆ."

"ಬುರುಡೆ ತೇಲಿಸುವ ತನ್ನ ಕೆಲಸ ಮಾಡಿತಲ್ಲಪ್ಪಾ. ನಿನ್ನ ನೂರಾ ಎಂಬತ್ತು ಮಂದಿಯಲ್ಲಿ ಯಾರಾದರೂ ಒಬ್ಬರು ಎಲ್ಲಿ ತಡವರಿಸಿದರು, ಅದನ್ನು ಹೇಳು."

ನಾಗಲಿಂಗ ಅವರಲ್ಲಿ ಒಬ್ಬರ ಹೆಸರನ್ನಾದರೂ ನೆನಪಿಸಿಕೊಳ್ಳಲು ನೋಡಿ, ಮತ್ತೆ ಚಾಪೆಯ ಮೇಲೆ ಕೂತ.