ಮಗಳಷ್ಟು ಎತ್ತರದ ಮೇಣದ ಬತ್ತಿ

ಹೊಳೆಯ ದಡದಲ್ಲಿದ್ದ ಹುಲ್ಲುಮಾಡಿನ ಇಗರ್ಜಿಯಲ್ಲಿ ಆ ಸಂಜೆ ಪೂಜ್ಯ ಕಾಜೆತಾನ ಸ್ವಾಮಿಗಳು ಒಬ್ಬರೇ ಇದ್ದರು. ಮಾಡು ಸೋರುತ್ತಿದ್ದುದರಿಂದ ತಮ್ಮ ಕೊಡೆಯನ್ನು ಬಲಿಪೀಠದ ಮೇಲೆ ಬಿಡಿಸಿಟ್ಟು, ತಾವು ನೆನೆಯುತ್ತಲೇ ಜಪದಲ್ಲಿ ಕುಳಿತಿದ್ದರು. ಆಗ ದೋಣಿಯ ಇನಾಸ ಏದುಸಿರು ಬಿಡುತ್ತಾ ಬಂದ. ಅವನ ಹೆಗಲ ಮೇಲೆ ಮೇಣದ ಬತ್ತಿಯೊಂದಿತ್ತು, ಅವನ ಪುಟ್ಟ ಮಗಳು ಸೆರಾಫಿನಾಳಷ್ಟೇ ಎತ್ತರದ್ದು. ಕಾಯಿಲೆ ಬಿದ್ದವರ ಅಳತೆಯ ಬತ್ತಿಯನ್ನು ಹರಕೆಯಾಗಿ ಒಪ್ಪಿಸುವುದು ಆ ಕಡೆಯ ಕ್ರೈಸ್ತರ ಪದ್ಧತಿ. ತಾಯಿಯಿಲ್ಲದ ಆ ಮಗು ಜ್ವರದಲ್ಲಿ ಕಣ್ಣು ತೆರೆಯದೆ ಮಲಗಿತ್ತು.

“ಅಳತೆ ತಪ್ಪಲಿಲ್ಲ ಸ್ವಾಮಿ, ನೂಲು ಹಿಡಿದು ನೋಡಿದ್ದೇನೆ. ಒಂದು ಬೆರಳು ಹೆಚ್ಚೇ ಉಂಟು. ಇನ್ನು ದೇವರು ಅವಳನ್ನು ನನಗೆ ಬಿಟ್ಟುಕೊಡಬೇಕಲ್ಲ?”

ಸ್ವಾಮಿಗಳು ಬತ್ತಿಯನ್ನು ಗೋಡೆಗೆ ಒರಗಿಸಿದರು. “ಕೊಟ್ಟು ಕೊಳ್ಳುವುದು ಸಂತೆಯಲ್ಲಿ, ಇನಾಸ. ಶಿಲುಬೆಯ ಮೇಲೆ ಕೊಟ್ಟದ್ದು ಮಾತ್ರ ಉಂಟು, ಬದಲಿಗೆ ಕೇಳಿದ್ದು ಇಲ್ಲ,” ಎಂದು ಅವನ ಗುಡಿಸಲಿಗೆ ಹೊರಟರು. ಇನಾಸನಿಗೆ ಮೈಯೆಲ್ಲ ಉರಿಯಿತು. ಮಕ್ಕಳಿಲ್ಲದ ಸನ್ಯಾಸಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡೇ ಹಿಂದೆ ನಡೆದ.

ಗುಡಿಸಲಲ್ಲಿ ಮಗು ಅಪ್ಪನ ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತು. ಅಷ್ಟರಲ್ಲಿ ಹೊಳೆಯ ನಡುಗಡ್ಡೆಯಿಂದ ಬೊಬ್ಬೆ ಕೇಳಿಸಿತು. ನೆರೆ ಏರಿ ಅಲ್ಲಿನ ಮನೆಗಳಿಗೆ ನೀರು ನುಗ್ಗಿತ್ತು. ಈ ದಡದಲ್ಲಿ ಇದ್ದದ್ದು ಇನಾಸನ ದೋಣಿ ಒಂದೇ.

“ನಾನು ಹೋದ ಮೇಲೆ ಇವಳಿಗೆ ಎಂತಾದರೂ ಆದರೆ ಸ್ವಾಮಿ?”

ಏನೂ ಆಗದು ಎಂದು ಸ್ವಾಮಿಗಳು ಹೇಳಲಿಲ್ಲ. ಅವನ ಬೆರಳನ್ನು ಮೆಲ್ಲನೆ ಬಿಡಿಸಿ, ತಮ್ಮ ಬೆರಳನ್ನು ಮಗುವಿನ ಮುಷ್ಟಿಯೊಳಗಿಟ್ಟರು. “ನೀನು ಬರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ,” ಎಂದರು.

ಇನಾಸ ಹೋದ. ಹೆಂಗಸರನ್ನೂ ಮಕ್ಕಳನ್ನೂ ತುಂಬಿಕೊಂಡು ದಡಕ್ಕೆ ಬಂದಾಗ ಗುಡಿಸಲು ಕೂಗಳತೆಯಲ್ಲೇ ಕಾಣುತ್ತಿತ್ತು. ಒಮ್ಮೆ ಓಡಿ ನೋಡಿ ಬಂದರೇನು? ಆದರೆ ನಡುಗಡ್ಡೆಯಲ್ಲಿ ಗಂಡಸರು ಇನ್ನೂ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಮಗಳ ಮುಖ ನೋಡಿದರೆ ತಾನು ಮತ್ತೆ ದೋಣಿ ಹತ್ತಲಾರೆ ಎಂಬುದೂ ಅವನಿಗೆ ಗೊತ್ತಿತ್ತು. “ಅವಳನ್ನು ನಿನ್ನ ಕೈಗೆ ಹಾಕಿದೆ ದೇವರೇ,” ಎಂದು ಗಟ್ಟಿಯಾಗಿ ಅಳುತ್ತಾ ದೋಣಿ ತಿರುಗಿಸಿದ. ಆ ಗಳಿಗೆಯಲ್ಲಿ ಬದಲಿಗೆ ಏನನ್ನೂ ಬೇಡಲು ಅವನಿಗೆ ತೋಚಲಿಲ್ಲ.

ಎಲ್ಲರನ್ನೂ ದಾಟಿಸುವಷ್ಟರಲ್ಲಿ ಕತ್ತಲು ಕವಿದಿತ್ತು. ಮನೆಯವರೆಗೆ ಓಡಿ ಬಂದವನಿಗೆ ಹೊಸ್ತಿಲು ದಾಟಲು ಧೈರ್ಯ ಸಾಲಲಿಲ್ಲ. ಒದ್ದೆ ನಿಲುವಂಗಿಯಲ್ಲಿ ನಡುಗುತ್ತಾ ಸ್ವಾಮಿಗಳು ಕೂತಲ್ಲೇ ಕೂತಿದ್ದರು. “ಉಸಿರಾಡುತ್ತಿದ್ದಾಳೆ, ಬಾ,” ಎಂದರು.

ಪವಾಡದ ಆಸೆಯಿಂದ ಓದುತ್ತಿರುವವರಿಗೆ ಇಲ್ಲಿ ನಿರಾಸೆಯಾದೀತು. ಜ್ವರ ಆ ದಿನ ಇಳಿಯಲಿಲ್ಲ. ಮಗು ಚೇತರಿಸಿಕೊಂಡು ಅಂಗಳಕ್ಕಿಳಿಯಲು ಬಹಳ ಕಾಲ ಹಿಡಿಯಿತು. ಇನಾಸ ಮಾತ್ರ ಅಲ್ಲಿಯವರೆಗೆ ಕಾಯಲಿಲ್ಲ. ಮಗಳ ಮೈ ಇನ್ನೂ ಕೆಂಡದಂತೆ ಸುಡುತ್ತಿರುವಾಗಲೇ, ಅವಳು ಉಳಿಯುವಳೋ ಇಲ್ಲವೋ ತಿಳಿಯದೆಯೇ, ನೆಲಕ್ಕೆ ಹಣೆಯಿಟ್ಟು ಅವನು ದೇವರಿಗೆ ಸ್ತೋತ್ರ ಹೇಳಿದ.