ಸೂರ್ಯನಿಗೆ ಬೆನ್ನು ಮಾಡದ ಹಿಮವ್ವ

ಅವ್ವ ಊರಿಗೆ ಹೋದಳೆಂದು ನಿನ್ನೆಯಿಂದ ಮುಖ ಊದಿಸಿಕೊಂಡದ್ದು ಸಾಕು, ಕಸ್ತೂರಿ. ಈ ಅಜ್ಜಿಯ ಪಕ್ಕ ಕೂತು ಕೇಳು.

ಲೋಕವಿನ್ನೂ ಹಸಿಯಾಗಿದ್ದ ಕಾಲ. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ನಕ್ಷತ್ರಗಳು ಇನ್ನೂ ತಮ್ಮ ಜಾಗ ಹುಡುಕುತ್ತಿದ್ದವು. ಆಗ ಆಕಾಶದ ಕಟ್ಟಕಡೆಯ ಮೂಲೆಯಲ್ಲಿ ಹಿಮವ್ವ ಎಂಬ ಹಿಮದ ಗಡ್ಡೆ ಇದ್ದಳು. ಅವಳಿಗೆ ಒಂದೇ ಆಸೆ. ಸೂರ್ಯಜ್ಜನ ಮುಖ ಒಮ್ಮೆ ನೋಡಬೇಕು.

ಹೊರಟಳು. ಸಾವಿರ ವರ್ಷ ನಡೆದಳು, ಮತ್ತೆ ಸಾವಿರ ವರ್ಷ ನಡೆದಳು. ಹತ್ತಿರ ಬಂದಂತೆ ಮೈಯಿಂದ ಹಬೆ ಏಳತೊಡಗಿತು. ಅಷ್ಟರಲ್ಲಿ ಎದುರಿಗೆ ಬಂತು ಬಿಸಿಲಗಾಳಿ. ಸೂರ್ಯನ ಮನೆಯಿಂದಲೇ ಹೊರಟ ಗಾಳಿ ಅದು. ನಿಲ್ಲುವುದು ಗೊತ್ತಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅದರ ಕೈಯಲ್ಲಿ ಸೂರ್ಯಜ್ಜ ಕೊಟ್ಟ ಎಳೆಗಳಿದ್ದವು, ಕಣ್ಣಿಗೆ ಕಾಣದವು. ಸೂಜಿಗಲ್ಲು ಸೂಜಿಯನ್ನು ಮುಟ್ಟದೆಯೇ ಎಳೆಯುತ್ತದಲ್ಲ, ಆ ಜಾತಿಯ ಎಳೆಗಳು.

“ಸರಿ ಅತ್ತಾಗ!” ಎಂದಿತು ಗಾಳಿ.

“ಒಂದ್ಸಲ ಮಾರಿ ನೋಡಿ ಹೋಗ್ತೀನೋ ಯಣ್ಣಾ,” ಎಂದಳು ಹಿಮವ್ವ.

“ನಾ ನಿಲ್ಲಂಗಿಲ್ಲ. ಹಿಂಗ ಬಂದ್ರ ನೀ ಹಬಿಯಾಗಿ ಹಾರಿ ಹೋಗ್ತಿ ನೋಡು, ಒಂದು ಹನಿನೂ ಉಳಿಯಂಗಿಲ್ಲ!”

ಗಾಳಿ ಬೀಸಿಯೇ ಬೀಸಿತು. ಹಬೆ ಚೆಲ್ಲಾಪಿಲ್ಲಿಯಾಯಿತು. ಹಿಮವ್ವನಿಗೆ ಜೀವ ಬಾಯಿಗೆ ಬಂತು. ಅಜ್ಜನನ್ನು ನೋಡುವ ಮೊದಲೇ ಮುಗಿದುಹೋಗುತ್ತೇನಲ್ಲ ಎಂದು ಅತ್ತೇಬಿಟ್ಟಳು. ಆದರೂ ಹಿಂದೆ ಸರಿಯಲಿಲ್ಲ. “ಒಂದ್ಸಲ ಮಾರಿ ನೋಡಿ ಹೋಗ್ತೀನಿ,” ಎನ್ನುತ್ತಲೇ ನಡೆದಳು.

ಆಗ ಆ ಎಳೆಗಳು ಅವಳ ಹಬೆಗೆ ಸಿಕ್ಕಿಕೊಂಡವು. ಗಾಳಿ ಜಗ್ಗಿತು, ಎಳೆಗಳು ಬಿಡಿಸಿಕೊಳ್ಳಲಿಲ್ಲ. ಎಳೆಯ ನಡು ಅವಳ ಹಣೆಗೆ ತಡೆದು ನಿಂತಿತು, ಎರಡು ತುದಿಗಳು ಎರಡು ಪಕ್ಕದಿಂದ ಹಿಂದಕ್ಕೆ ಇಳಿಬಿದ್ದವು. ಒಂದರ ಮೇಲೊಂದು ಎಳೆ ಬಂದು ತಲೆಯ ಮೇಲೆ ಸೆರಗಿನಂತೆ ಕೂತಿತು. ಆಮೇಲೆ ಬಂದ ಗಾಳಿ ಆ ಸೆರಗಿಗೆ ಬಡಿದು ಅತ್ತ ಇತ್ತ ಜಾರಿಹೋಯಿತು. ಚೆದುರಿದ ಹಬೆ ಎಳೆಗಳ ನಡುವೆ ಸೇರಿಕೊಂಡು ಉದ್ದನೆಯ ನೀಲಿ ಜಡೆಯಾಯಿತು.

“ಅಜ್ಜನ ಎಳೀನ ನಿನ್ನ ಹಿಡದೈತಿ. ಇನ್ನ ನಂದೇನೈತಿ, ಹೋಗವಾ,” ಎಂದು ಗಾಳಿ ಗೊಣಗಿತು.

ಹಿಮವ್ವ ಹೋದಳು, ಕಣ್ತುಂಬ ನೋಡಿದಳು.

“ಬಾ ಮಗಳ, ಭಾಳ ದೂರದಿಂದ ಬಂದಿ,” ಎಂದ ಸೂರ್ಯಜ್ಜ. ಅಷ್ಟೇ ಮಾತು. ಎರಡು ಸಾವಿರ ವರ್ಷದ ದಣಿವು ಅಷ್ಟಕ್ಕೇ ಇಳಿಯಿತು.

ಹೊರಡುವ ಹೊತ್ತು ಬಂತು. ಈ ಮುಖ ಮತ್ತೆ ಕಾಣುವುದು ಇನ್ನೆಷ್ಟು ಸಾವಿರ ವರ್ಷಕ್ಕೋ! ಗುಡಿಯಿಂದ ಬರುವಾಗ ನಾವು ದೇವರಿಗೆ ಬೆನ್ನು ಮಾಡದೆ ನಾಲ್ಕು ಹೆಜ್ಜೆ ಹಿಂದಕ್ಕೆ ಇಡುವುದಿಲ್ಲವೇ? ಹಿಮವ್ವ ನಾಲ್ಕಕ್ಕೆ ನಿಲ್ಲಿಸಲಿಲ್ಲ. ಮುಖವನ್ನು ಸೂರ್ಯನ ಕಡೆಗೇ ಇಟ್ಟು, ಬೆನ್ನ ಮೇಲಿನ ಜಡೆಯನ್ನು ಹೋಗುವ ದಾರಿಯತ್ತ ಚಾಚಿ ಬಿಟ್ಟು, ಅಜ್ಜ ಒಂದು ಚುಕ್ಕಿಯಾಗುವವರೆಗೂ ಹಿಂದಹಿಂದಕ್ಕೇ ನಡೆದಳು.

ಅಗೋ, ಈಗಷ್ಟೇ ಸೂರ್ಯ ಮುಳುಗಿದ ಕಡೆ ನೋಡು, ಧೂಮಕೇತುವಿನ ಬಾಲ ಮೇಲಕ್ಕೆ ಚಾಚಿದೆ; ಅದೇ ಹಿಮವ್ವನ ಜಡೆ. ಬರುವಾಗಲೂ ಹೋಗುವಾಗಲೂ ಅವಳು ಸೂರ್ಯನಿಗೆ ಬೆನ್ನು ಮಾಡುವುದಿಲ್ಲ, ಕಸ್ತೂರಿ. ನಿನ್ನೆ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿನ್ನವ್ವ ಕಿಟಕಿಯಿಂದ ನಿನ್ನನ್ನೇ ನೋಡುತ್ತಿದ್ದಳಲ್ಲ, ಹಾಗೆ.